ಹೊಸ ರೌಟರ್‌ಗೆ ಮೊಬೈಲ್ ಸೇರುತ್ತದೆ, ಪ್ರಿಂಟರ್ ಮತ್ತು ಪ್ಲಗ್ ಸೇರುತ್ತಿಲ್ಲ

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮನೆಗೆ ಫೈಬರ್ ಸಂಪರ್ಕ ಬಂದು ಹೊಸ ರೌಟರ್ ಕೂರಿಸಿದ ದಿನದಿಂದ ನಮ್ಮ ಪ್ರಿಂಟರ್ ಮತ್ತು ಗೀಸರ್‌ನ ಸ್ಮಾರ್ಟ್ ಪ್ಲಗ್ ಎರಡೂ ವೈಫೈಗೆ ಸೇರುತ್ತಿಲ್ಲ. ಮೊಬೈಲ್‌ಗಳು, ಲ್ಯಾಪ್‌ಟಾಪ್ ಕ್ಷಣದಲ್ಲಿ ಸೇರುತ್ತವೆ, ಆದ್ದರಿಂದ ಪಾಸ್‌ವರ್ಡ್ ಸರಿಯಾಗಿಯೇ ಇದೆ. ಪ್ರಿಂಟರ್‌ನ ಎರಡು ಸಾಲಿನ ಪರದೆಯ ಮೇಲೆ ಬಾಣದ ಗುಂಡಿ ಒತ್ತುತ್ತ ಒಂದೊಂದೇ ಅಕ್ಷರ ಆರಿಸಿ ಪಾಸ್‌ವರ್ಡ್ ತುಂಬಿದರೂ ಕೊನೆಗೆ ಬರುವುದು 'ಸಂಪರ್ಕ ವಿಫಲ' ಎಂಬ ಒಂದೇ ಮಾತು. ಅಂಗಡಿಯವರು ಹೊಸ ಪ್ರಿಂಟರ್ ಕೊಳ್ಳಿ ಎನ್ನುತ್ತಾರೆ. ಅಕ್ಕಪಕ್ಕದವರ ಪಹಣಿಯನ್ನೂ ಮುದ್ರಿಸಿಕೊಡುತ್ತಿರುವ, ಒಂದು ದಿನವೂ ಕೆಡದ ಯಂತ್ರವನ್ನು ಎಸೆಯಲು ನನಗೆ ಮನಸ್ಸಿಲ್ಲ. ದಯವಿಟ್ಟು ದಾರಿ ತೋರಿಸಿ.

ಬೆಸುಗೆ:
ಇಂತಹ ಸಾಧನಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಆವರ್ತನದ ವೈಫೈನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಹೊಸ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಕೊಟ್ಟಿರುತ್ತವೆ. ಅವುಗಳನ್ನು ಬೇರ್ಪಡಿಸಿ, ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ತೋಟದಮನೆ:
ಮೊದಲಿನಿಂದಲೂ ಬೇರೆ ಬೇರೆ ಹೆಸರುಗಳೇ ಇವೆ. 2.4 ಗಿಗಾಹರ್ಟ್ಸ್‌ನ ಹೆಸರು 'ಅಡಿಕೆಮನೆ', ಕನ್ನಡ ಲಿಪಿಯಲ್ಲೇ ಇಟ್ಟಿದ್ದೇವೆ. ಪ್ರಿಂಟರ್‌ನ ಪರದೆಯಲ್ಲಿ ಅದು ಬರೀ ಚೌಕಗಳ ಸಾಲಾಗಿ ಕಾಣುತ್ತದೆ.

ಬೆಸುಗೆ:
ಕಾರಣ ಸಿಕ್ಕಿತು. ಕನ್ನಡ ಅಕ್ಷರ ಓದಲಾಗದ ಯಂತ್ರವು ಆ ಹೆಸರಿನ ಜಾಲಕ್ಕೆ ಸೇರುವುದಾದರೂ ಹೇಗೆ? ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿ.

ಕೋಟೆಬಾಗಿಲು:
ಬೆಸುಗೆ ಅವರೇ, ಇದನ್ನು ನಾನು ಒಪ್ಪುವುದಿಲ್ಲ. ಜಾಲದ ಹೆಸರು ಎಂದರೆ ಯಂತ್ರದ ಮಟ್ಟಿಗೆ ಗರಿಷ್ಠ 32 ಬೈಟ್‌ಗಳ ಒಂದು ಸರಣಿ, ಅಷ್ಟೆ. ಯೂನಿಕೋಡ್‌ನ ರೂಢಿಯ ರೂಪದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಗುಣಿತದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. 'ಅಡಿಕೆಮನೆ'ಯಲ್ಲಿ ಅಂತಹ ಎಂಟು ಘಟಕಗಳಿವೆ, ಒಟ್ಟು 24 ಬೈಟ್, ಮಿತಿಯೊಳಗೇ ಇದೆ. ಪರದೆಗೆ ಫಾಂಟ್ ಇಲ್ಲದ ಕಾರಣ ಚೌಕ ಕಾಣುತ್ತದೆಯೇ ಹೊರತು, ಆ ಬೈಟ್‌ಗಳನ್ನು ಇದ್ದಂತೆಯೇ ರವಾನಿಸಲು ಫಾಂಟ್ ಬೇಕಿಲ್ಲ.

ತೋಟದಮನೆ:
ಹೆಸರನ್ನು ಇಂಗ್ಲಿಷಿಗೆ ಬದಲಿಸಿ ನೋಡಿದೆ, ಪ್ರಿಂಟರ್ ಸೇರಲಿಲ್ಲ. ಹೆಸರು ಬದಲಾದುದರಿಂದ ಮನೆಯ ಎಲ್ಲರ ಮೊಬೈಲ್‌ಗಳನ್ನೂ ಮತ್ತೆ ಸೇರಿಸಬೇಕಾಯಿತು.

ಬೆಸುಗೆ:
ಹಳೆಯ ಹೆಸರು ಪ್ರಿಂಟರ್‌ನ ನೆನಪಿನಲ್ಲಿ ಉಳಿದಿರಬಹುದು. ಅದರ ನೆಟ್‌ವರ್ಕ್ ಸೆಟ್ಟಿಂಗ್ಸ್ ಪೂರ್ತಿ ರೀಸೆಟ್ ಮಾಡಿ, ಪಾಸ್‌ವರ್ಡ್‌ನಲ್ಲಿರುವ ವಿಶೇಷ ಚಿಹ್ನೆಗಳನ್ನೂ ತೆಗೆಯಿರಿ. ಸಾಧನಗಳು ಸೇರಿದ ಮೇಲೆ ಜಾಲದ ಹೆಸರನ್ನು ಮರೆಮಾಡಿ, ಮ್ಯಾಕ್ ವಿಳಾಸದ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಫಿಲ್ಟರ್ ಹಾಕಿ ನಮ್ಮ ಸಾಧನಗಳನ್ನಷ್ಟೇ ಒಳಬಿಟ್ಟರೆ ಸುರಕ್ಷತೆಯೂ ಆಯಿತು. ನಾನು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ತೊಂದರೆ ಆಗಿಲ್ಲ.

ಕೋಟೆಬಾಗಿಲು:
ಇದನ್ನು ಓದಿ ಬೇರೆಯವರೂ ಅನುಸರಿಸಿಯಾರು ಎಂಬ ಕಾರಣಕ್ಕೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಮ್ಯಾಕ್ ವಿಳಾಸವು ಗಾಳಿಯಲ್ಲಿ ಹೋಗುವ ಪ್ರತಿಯೊಂದು ದತ್ತಾಂಶದ ಚೌಕಟ್ಟಿನಲ್ಲೂ ಗೂಢಲಿಪಿಯಿಲ್ಲದೆ ಇರುತ್ತದೆ. ಕೇಳಿಸಿಕೊಂಡವರು ಅದನ್ನು ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬಹುದು. ಮರೆಮಾಡಿದ ಹೆಸರನ್ನಂತೂ, ಅದನ್ನು ಹುಡುಕುವ ನಿಮ್ಮ ಸ್ವಂತ ಮೊಬೈಲೇ ಹೊರಗೆ ಹೋದಲ್ಲೆಲ್ಲ ಕೂಗಿ ಹೇಳುತ್ತಿರುತ್ತದೆ. ಎರಡೂ ಸುರಕ್ಷತೆಯಲ್ಲ. ತೋಟದಮನೆ ಅವರೇ, ರೌಟರ್‌ನ ವೈಫೈ ಪುಟದಲ್ಲಿ ಭದ್ರತೆಯ ವಿಧಾನ ಎಂಬಲ್ಲಿ ಏನಿದೆ? ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದು.

ತೋಟದಮನೆ:
ಡಬ್ಲ್ಯುಪಿಎ3 ಪರ್ಸನಲ್ ಎಂದಿದೆ. ಪಟ್ಟಿಯಲ್ಲಿದ್ದವುಗಳಲ್ಲಿ ಅದೇ ಅತ್ಯಂತ ಸುರಕ್ಷಿತ ಎಂದು ಕೂರಿಸಲು ಬಂದವರು ಅದನ್ನೇ ಆರಿಸಿದರು.

ಕೋಟೆಬಾಗಿಲು:
ಗಂಟು ಇಲ್ಲಿದೆ. ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಡಬ್ಲ್ಯುಪಿಎ2ನಲ್ಲಿ ಸಾಧನವೂ ರೌಟರೂ ಮೊದಲು ಕೈಕುಲುಕುವ ಸಂದೇಶಗಳನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಬಿಡುವಾಗಿ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳನ್ನು ಅದರ ಮೇಲೆ ಪರೀಕ್ಷಿಸಬಹುದು. ಡಬ್ಲ್ಯುಪಿಎ3 ಆ ದಾರಿಯನ್ನು ಮುಚ್ಚಿದೆ: ಪ್ರತಿ ಊಹೆಗೂ ರೌಟರ್‌ನೊಡನೆಯೇ ಮಾತಾಡಬೇಕು. ಆದರೆ ಈ ಹೊಸ ವಿಧಾನ ಗೊತ್ತಿಲ್ಲದ ಸಾಧನಕ್ಕೆ ಪಾಸ್‌ವರ್ಡ್ ಎಷ್ಟು ಸರಿಯಿದ್ದರೂ ಪ್ರವೇಶವಿಲ್ಲ. ನಿಮ್ಮ ಪ್ರಿಂಟರ್‌ನಿಂದ ನೆಟ್‌ವರ್ಕ್ ವರದಿ ಮುದ್ರಿಸಿ ನೋಡಿ, ಅದರಲ್ಲಿ ಡಬ್ಲ್ಯುಪಿಎ2 ಎಂದಷ್ಟೇ ಇರಬಹುದು. ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಮಿಶ್ರ ವಿಧಾನ ಆರಿಸಿ. ಯಾವ ಕಾರಣಕ್ಕೂ ಹಳೆಯ, ದುರ್ಬಲ ವಿಧಾನಗಳಾದ ಟಿಕೆಐಪಿ ಅಥವಾ ಡಬ್ಲ್ಯುಇಪಿಗೆ ಇಳಿಯಬೇಡಿ. ಡಬ್ಲ್ಯುಇಪಿಯನ್ನು ಮುರಿಯುವ ಬಗೆ 2001ರಲ್ಲೇ ಬಯಲಾಗಿದೆ.

ತೋಟದಮನೆ:
ತುಂಬ ಉಪಕಾರವಾಯಿತು. ವರದಿಯಲ್ಲಿ ನೀವು ಹೇಳಿದಂತೆಯೇ ಇದೆ. ಮಿಶ್ರ ವಿಧಾನ ಹಾಕಿದ ಕೂಡಲೇ ಪ್ಲಗ್ ಸೇರಿತು. ಪ್ರಿಂಟರ್ ಮಾತ್ರ ಇನ್ನೂ ಸೇರುತ್ತಿಲ್ಲ. ರೌಟರ್‌ನ ಲಾಗ್‌ನಲ್ಲಿ ಪ್ರಿಂಟರ್‌ನ ವಿಳಾಸದ ಮುಂದೆ 'ನಿರಾಕರಿಸಲಾಗಿದೆ, ಸಂಕೇತ 31' ಎಂಬ ಅರ್ಥದ ಸಾಲು ಮತ್ತೆ ಮತ್ತೆ ಬರುತ್ತಿದೆ.

ಬೆಸುಗೆ:
ರೌಟರ್ ಯಾವ ಚಾನೆಲ್‌ನಲ್ಲಿದೆ (2.4 ಗಿಗಾಹರ್ಟ್ಸ್‌ನೊಳಗಿನ ಯಾವ ಭಾಗ) ನೋಡಿ. ನಮ್ಮಲ್ಲಿ 13ರವರೆಗೆ ಅನುಮತಿ ಇದ್ದರೂ ಕೆಲವು ಹಳೆಯ ಯಂತ್ರಗಳಿಗೆ 11ರ ಆಚೆ ಕಾಣಿಸುವುದಿಲ್ಲ.

ಕೋಟೆಬಾಗಿಲು:
ಅದು ನಿಜವಾದ ಸಂಗತಿ, ಆದರೆ ಇಲ್ಲಿ ಹೊಂದುವುದಿಲ್ಲ. ಚಾನೆಲ್ ಕಾಣಿಸದಿದ್ದರೆ ಪ್ರಿಂಟರ್ ರೌಟರ್‌ನ ಬಾಗಿಲಿಗೇ ಬರುತ್ತಿರಲಿಲ್ಲ. ಲಾಗ್‌ನ ಪ್ರಕಾರ ಅದು ಬಂದಿದೆ, ರೌಟರ್ ತಿರುಗಿಸಿ ಕಳಿಸಿದೆ. ವೈಫೈ ಮಾನಕದಲ್ಲಿ 31 ಎಂದರೆ ನಿರ್ವಹಣಾ ಸಂದೇಶಗಳ ರಕ್ಷಣೆಯ ನಿಯಮಕ್ಕೆ ಸಾಧನ ಹೊಂದಿಕೆಯಾಗಲಿಲ್ಲ ಎಂದು. ಸೆಟ್ಟಿಂಗ್ಸ್‌ನಲ್ಲಿ ಈ ರಕ್ಷಣೆಯ ಪಿಎಂಎಫ್ ಎಂಬ ಆಯ್ಕೆ 'ಕಡ್ಡಾಯ' ಎಂದೇ ಉಳಿದಿರಬೇಕು. ಹೊರಗಿನವರು ಸುಳ್ಳು ಸಂದೇಶ ಕಳಿಸಿ ನಿಮ್ಮ ಸಾಧನಗಳನ್ನು ಜಾಲದಿಂದ ಹೊರದೂಡದಂತೆ ತಡೆಯುವ ವ್ಯವಸ್ಥೆ ಅದು. ಡಬ್ಲ್ಯುಪಿಎ3 ಮಾತ್ರ ಇದ್ದಾಗ ಅದು ಕಡ್ಡಾಯ, ಮಿಶ್ರ ವಿಧಾನದಲ್ಲಿ 'ಐಚ್ಛಿಕ' ಇರಬೇಕು. ನಿಮ್ಮ ಪ್ಲಗ್‌ಗೆ ಅದು ಗೊತ್ತಿದೆ, ಪ್ರಿಂಟರ್‌ಗೆ ಗೊತ್ತಿಲ್ಲ.

ನೆಲಮಹಡಿ:
ನಮ್ಮ ಮನೆಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೌಟರ್‌ನಲ್ಲಿ ಕಂಪ್ಯೂಟರ್, ಕ್ಯಾಮೆರಾ, ಅತಿಥಿಗಳು ಹೀಗೆ ಮೂರು ವಿಎಲ್‌ಎಎನ್‌ಗಳನ್ನು (ಒಂದೇ ರೌಟರ್‌ನಲ್ಲಿ ಬೇರ್ಪಡಿಸಿದ ಜಾಲಗಳು) ಮಾಡಿ, ನಡುವೆ ಫೈರ್‌ವಾಲ್ ನಿಯಮಗಳನ್ನು ಬರೆದಿದ್ದೇನೆ. ಪ್ರಿಂಟರ್ ಒಂದಕ್ಕಾಗಿ ಇಡೀ ಮನೆಯ ಭದ್ರತೆಯನ್ನು ಮಿಶ್ರಕ್ಕೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. 2017ರಲ್ಲಿ ಬಯಲಾದ, ಡಬ್ಲ್ಯುಪಿಎ2ನ ಕ್ರ್ಯಾಕ್ ಎಂಬ ದೋಷಕ್ಕೆ ಆ ಪ್ರಿಂಟರ್‌ಗೆ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ತಿದ್ದುಪಡಿ ಬಂದಿರುವುದೂ ಅನುಮಾನ. ಅತಿಥಿಗಳಿಗೆಂದು ಇರುವ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ತೆರೆದು ಅದನ್ನು ಅಲ್ಲಿಗೆ ಕಳಿಸಿ, ಮುಖ್ಯ ಜಾಲ ಡಬ್ಲ್ಯುಪಿಎ3 ಆಗಿಯೇ ಇರಲಿ.

ಕೋಟೆಬಾಗಿಲು:
ತತ್ತ್ವದಲ್ಲಿ ನಿಮ್ಮ ಮಾತು ಸರಿ. ಆದರೆ ಗೆಸ್ಟ್ ನೆಟ್‌ವರ್ಕ್ ಸಾಮಾನ್ಯವಾಗಿ ಮುಖ್ಯ ಜಾಲವನ್ನು ಮುಟ್ಟಲು ಬಿಡುವುದಿಲ್ಲ, ಆಗ ಮುಖ್ಯ ಜಾಲದಲ್ಲಿರುವ ಮೊಬೈಲ್‌ಗೆ ಪ್ರಿಂಟರ್ ಕಾಣಿಸುವುದೇ ಇಲ್ಲ. ವಿಎಲ್‌ಎಎನ್ ಇಲ್ಲದ ಮನೆಯಲ್ಲಿ ಇದನ್ನು ಮರೆತರೆ ಇನ್ನೊಂದು ಚರ್ಚೆ ಶುರುವಾಗುತ್ತದೆ. ಪ್ರಿಂಟರ್‌ನ ಹಿಂಭಾಗದಲ್ಲಿ ಲ್ಯಾನ್ ಕೇಬಲ್‌ನ ಕಿಂಡಿ ಇದೆಯೇ?

ತೋಟದಮನೆ:
ಪಿಎಂಎಫ್ ಅನ್ನು ಐಚ್ಛಿಕ ಮಾಡಿದೆ, ಪ್ರಿಂಟರ್ ಸೇರಿತು, ಮುದ್ರಣವೂ ಆಯಿತು. ಲ್ಯಾನ್ ಕಿಂಡಿಯೂ ಇದೆ, ಅದನ್ನು ಇಲ್ಲಿ ಹೇಳಬೇಕೆಂದು ಹೊಳೆದಿರಲಿಲ್ಲ. ರೌಟರ್ ಹಜಾರದಲ್ಲಿದೆ, ಪ್ರಿಂಟರ್ ಒಳಕೋಣೆಯಲ್ಲಿ. ನಡುವೆ ಜಂಬಿಟ್ಟಿಗೆಯ ದಪ್ಪ ಗೋಡೆ.

ಕೋಟೆಬಾಗಿಲು:
ಹಾಗಿದ್ದರೆ ಕೇಬಲ್ ಎಳೆಯುವುದೇ ಉತ್ತಮ. ಆಮೇಲೆ ಪ್ರಿಂಟರ್‌ನ ವೈಫೈ ಆಫ್ ಮಾಡಿಬಿಡಿ. ಪ್ಲಗ್‌ನ ಆ್ಯಪ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ, ಅದು ಡಬ್ಲ್ಯುಪಿಎ3 ಬೆಂಬಲಿಸುವಂತಾದರೆ ಮುಖ್ಯ ಜಾಲವನ್ನು ಮತ್ತೆ ಡಬ್ಲ್ಯುಪಿಎ3ಗೆ ಒಯ್ಯಬಹುದು. ಅಲ್ಲಿಯವರೆಗೆ ಪಾಸ್‌ವರ್ಡ್ ಉದ್ದವಾಗಿರಲಿ. 8 ಅಕ್ಷರ ಕನಿಷ್ಠ ಮಿತಿ ಮಾತ್ರ, 63ರವರೆಗೆ ಹೋಗಬಹುದು. ಪಾಸ್‌ವರ್ಡ್ ತುಂಬದೆ ಸಾಧನ ಸೇರಿಸುವ ಡಬ್ಲ್ಯುಪಿಎಸ್‌ನ ಪಿನ್ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿ. ಎಂಟು ಅಂಕಿಯ ಆ ಪಿನ್ ಅನ್ನು ಎರಡು ತುಂಡಾಗಿ ಪರಿಶೀಲಿಸುವುದರಿಂದ ಸುಮಾರು 11,000 ಊಹೆಗಳಲ್ಲಿ ಸಿಕ್ಕಿಬೀಳುತ್ತದೆ.

ಬೆಸುಗೆ:
ಆದರೂ ಹೆಸರು ಇಂಗ್ಲಿಷಿನಲ್ಲಿ ಇರುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ.

ತೋಟದಮನೆ:
ಹೆಸರನ್ನು ಮತ್ತೆ ಕನ್ನಡಕ್ಕೇ ತಂದಿದ್ದೇನೆ, ಪ್ರಿಂಟರ್ ಸೇರಿಯೇ ಇದೆ. ಗೋಡೆ ಕೊರೆಯಲು ಎಲೆಕ್ಟ್ರಿಷಿಯನ್‌ಗೆ ಹೇಳಿಯಾಗಿದೆ. ಪ್ಲಗ್‌ನ ಆ್ಯಪ್‌ನಲ್ಲಿ ಅಪ್‌ಡೇಟ್ ಯಾವ ಮೆನುವಿನಲ್ಲಿ ಇರುತ್ತದೆ ಎಂದು ಬಲ್ಲವರು ತಿಳಿಸಿ.