ಸಣ್ಣ ಪಟ್ಟಣಕ್ಕೆ ಕೋಟೆಯಂಥ ನ್ಯಾಯಾಲಯವೇಕೆ? ಟೆಕ್ಸಾಸಿನ ಎಲಿಸ್ ಕೌಂಟಿ

ಪ್ರಶ್ನೆ:
ಅಮೆರಿಕದ ಟೆಕ್ಸಾಸ್ ರಾಜ್ಯದ ವಾಕ್ಸಹಾಚಿ ಪಟ್ಟಣದಲ್ಲಿರುವ ಎಲಿಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನ್ಯಾಯಾಲಯ ಕಟ್ಟಡದ ಚಿತ್ರಗಳನ್ನು ನೋಡಿದೆ. ಕೆಂಪು ಮರಳುಗಲ್ಲು, ನಸುಗೆಂಪು ಗ್ರಾನೈಟ್, ದಪ್ಪನೆಯ ದುಂಡುಗಮಾನುಗಳು, ನಡುವೆ ಎತ್ತರದ ಗಡಿಯಾರ ಗೋಪುರ. ಹತ್ತಿ ಬೆಳೆಯುತ್ತಿದ್ದ ಸೀಮೆಯ ಒಂದು ಸಣ್ಣ ಊರು 1890ರ ದಶಕದಲ್ಲಿ ಇದಕ್ಕೆ ಹಣ ಹೊಂದಿಸಿದ್ದು ಹೇಗೆ? ಗೋಪುರವು ಕೇವಲ ಆಡಂಬರವೇ?

ಉತ್ತರ 1:
ಹಣದ ಪ್ರಶ್ನೆಗೆ ಉತ್ತರ ಸುಲಭ. ನ್ಯಾಯಾಲಯ ಕಟ್ಟಲು ಕೌಂಟಿಗಳು ಬಾಂಡ್ ಮೂಲಕ ಸಾಲ ಎತ್ತಬಹುದೆಂದು ಟೆಕ್ಸಾಸಿನ ಶಾಸನಸಭೆ 1881ರಲ್ಲಿ ಅನುಮತಿ ನೀಡಿತು. ಅದರ ಬೆನ್ನಿಗೇ ರಾಜ್ಯದಾದ್ಯಂತ ಕಲ್ಲಿನ ಕಟ್ಟಡಗಳು ಎದ್ದವು. ಅಲ್ಲಿ ವಿಚಾರಣೆಯಷ್ಟೇ ನಡೆಯುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಜಮೀನಿನ ಪತ್ರ, ತೆರಿಗೆ, ಮದುವೆಯ ಪರವಾನಗಿ ಎಲ್ಲಕ್ಕೂ ಸುತ್ತಲಿನ ರೈತರು ಕೌಂಟಿ ಕೇಂದ್ರಕ್ಕೇ ಬರಬೇಕಾಗಿದ್ದರಿಂದ, ಕಟ್ಟಡದ ಸುತ್ತಲಿನ ಚೌಕವೇ ಪೇಟೆಯಾಗಿ ಬೆಳೆಯುತ್ತಿತ್ತು.

ಉತ್ತರ 2:
ಗೋಪುರವನ್ನು ಆಡಂಬರವೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗಾರ್ಡನ್ ಕಟ್ಟಡವನ್ನು ಶಿಲುಬೆಯಾಕಾರದಲ್ಲಿ ಹರಡಿ, ತೋಳುಗಳು ಕೂಡುವ ಮೂಲೆಗಳಲ್ಲಿ ನೆರಳಿನ ಮೊಗಸಾಲೆಗಳನ್ನು ಇಟ್ಟು, ಮೆಟ್ಟಿಲುಗಳನ್ನು ನಟ್ಟನಡುವೆ ಗೋಪುರದ ಕೆಳಗೆ ತಂದರು. ಬಿಸಿಗಾಳಿ ಮೆಟ್ಟಿಲುಗಳ ನಡುವಿನ ತೆರವಿನ ಮೂಲಕ ಮೇಲೇರಿ ಹೊರಹೋಗುತ್ತಿದ್ದಂತೆ, ಮೊಗಸಾಲೆಗಳ ಕಡೆಯಿಂದ ತಂಪುಗಾಳಿ ಒಳಗೆ ಸೆಳೆಯಲ್ಪಡುತ್ತದೆ. ಅಂದರೆ ಗೋಪುರ ಅಡುಗೆಮನೆಯ ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ಹವಾನಿಯಂತ್ರಣವಿಲ್ಲದ ಕಾಲದ ಟೆಕ್ಸಾಸ್ ಬೇಸಿಗೆಗೆ ಇದಕ್ಕಿಂತ ವಿವೇಕದ ಉತ್ತರ ಕಷ್ಟ. ಹೊರಗಿನ ರೋಮನೆಸ್ಕ್ ವೇಷ (ದಪ್ಪ ಗೋಡೆ, ದುಂಡುಗಮಾನುಗಳ ಮಧ್ಯಯುಗದ ಯುರೋಪಿನ ಶೈಲಿ) ಮಾತ್ರ ಗಾರ್ಡನ್ ಅವರ ಸ್ವಂತದ್ದಲ್ಲ: ಪಿಟ್ಸ್‌ಬರ್ಗ್‌ನಲ್ಲಿ 1888ರಲ್ಲಿ ಮುಗಿದ ಅಲೆಘೆನಿ ಕೌಂಟಿ ನ್ಯಾಯಾಲಯದಂಥ ಕೃತಿಗಳಿಂದ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅದನ್ನು ದೇಶಕ್ಕೆಲ್ಲ ಹಿಡಿಸಿದ್ದರು.

ಉತ್ತರ 3:
ಕಂಬಗಳ ಬೋದಿಗೆಗಳಲ್ಲಿ ಕೆತ್ತಿದ ಮುಖಗಳ ಬಗ್ಗೆ ಯಾರೂ ಹೇಳಲಿಲ್ಲ. ಶಿಲ್ಪಿಯೊಬ್ಬ ಊರಿನ ಹುಡುಗಿಯನ್ನು ಪ್ರೀತಿಸಿ, ಅವಳು ನಿರಾಕರಿಸಿದಂತೆಲ್ಲ ಅವಳ ಮುಖವನ್ನು ವಿಕಾರಗೊಳಿಸುತ್ತ ಹೋದನೆಂಬ ಕಥೆ ಅಲ್ಲಿ ಪ್ರಚಲಿತ. ಕಥೆ ಸೊಗಸಾಗಿದೆ, ಆದರೆ ನಂಬುವುದು ಕಷ್ಟ. ವಿಕಾರ ಮುಖಗಳನ್ನು ಕೆತ್ತುವುದು ರೋಮನೆಸ್ಕ್ ಶೈಲಿಯಲ್ಲಿ ಮೊದಲಿನಿಂದಲೂ ಇದ್ದ ರೂಢಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇದೇ ವಿನ್ಯಾಸವನ್ನು ಹೋಲಿಸಿ ನೋಡಲು ಬೇರೆ ಕಟ್ಟಡವಿದೆಯೇ?

ಉತ್ತರ 2:
ಟೆಕ್ಸಾಸಿನದೇ ಡೆಕಟೂರ್ ಪಟ್ಟಣದಲ್ಲಿರುವ ವೈಸ್ ಕೌಂಟಿಯ ನ್ಯಾಯಾಲಯವನ್ನು ನೋಡಿ. ಅದೂ ಗಾರ್ಡನ್ ಅವರದೇ, ಅದೇ ದಶಕದ್ದು. ಎರಡರ ನೆಲನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಮೂಲೆಯ ಮೊಗಸಾಲೆಗಳಿಂದ ಮೆಟ್ಟಿಲಿನವರೆಗೆ ಗಾಳಿಯ ದಾರಿಯನ್ನು ಗುರುತಿಸಿ. ಹೊರಗಿನ ಕಲ್ಲುಗಳ ಬಣ್ಣವನ್ನು ಆಮೇಲೆ ಹೋಲಿಸಬಹುದು.