ಮೆಣಸಿನಕಾಯಿ ತುದಿ ಕರ್ರಗಾಗಾಕತ್ತಾವ, ಔಷಧ ಹೊಡಿಬೇಕೇನ್ರಿ?

ಮಾಳಗಿ ತ್ವಾಟ, ಧಾರವಾಡ:
ನಮಸ್ಕಾರ್ರಿ ಎಲ್ಲಾರಿಗೂ. ಮಾಳಗಿ ಮ್ಯಾಲೆ ಪಾಟ್‌ನಾಗ ಬ್ಯಾಡಗಿ ಮೆಣಸಿನಗಿಡ ಹಚ್ಚೀನಿ, ಜೋಡಿಗೆ ಒಂದು ಜಲಪೆನೊ (ಮೆಕ್ಸಿಕೊ ಕಡೆ ದಪ್ಪ ಮೆಣಸಿನಕಾಯಿ) ಗಿಡಾನೂ ಐತಿ. ಗಿಡ ಛಂದ ಅದಾವ, ಎಲಿ ಮುಟುರಿಲ್ಲ, ಆದ್ರ ಬ್ಯಾಡಗಿ ಕಾಯಿ ಇನ್ನೂ ಹಸರ ಇದ್ದಾಗನ ತುದಿ ಕಡೆ ಕಂದು ಕಲಿ ಬಿದ್ದು ಆಮ್ಯಾಲೆ ಒಣಗಿ ಒಳಗ ಕುಸಿತಾವ, ಕೆಲವಕ್ಕ ಕರೆ ಬೂಸ್ಟು ಬಂದೈತಿ. ಜಲಪೆನೊ ಮೈತುಂಬ ಸಣ್ಣ ಸಣ್ಣ ಬಿರುಕಿನಂಥ ಗೆರಿ. ಅಂಗಡ್ಯಾಗ ಕೇಳಿದ್ರ ಫಂಗಸ್ ಅಂತ ಪೌಡರ್ ಕೊಟ್ರು. ಮನ್ಯಾಗ ಸಣ್ಣ ಹುಡುಗ್ರು ಅದಾವ, ಹೊಡಿಲ್ಯೋ ಬ್ಯಾಡೋ?

ಎರಿಹೊಲ, ಗದಗ:
ಅಕ್ಕಾರ, ಪೌಡರ್ ಕಟ್ಟಿ ಇಡ್ರಿ. ಕಲಿ ಎಲ್ಲಿ ಬಿದ್ದೈತಿ ಅನ್ನೋದ ಮೊದಲ ನೋಡಬೇಕು. ಹಸರ ಕಾಯಿ, ಅದೂ ತುದಿಗೇ ಅಂದ್ರ ಬ್ಲಾಸಮ್ ಎಂಡ್ ರಾಟ್, ಅಂದ್ರ ತುದಿ ಕೊಳಿಯೂದು, ಕಾಯಿ ತುದಿಗೆ ಕ್ಯಾಲ್ಸಿಯಂ ಮುಟ್ಟಿಲ್ಲ. ಬೂಸ್ಟು ಸತ್ತ ಜಾಗಾಕ್ಕ ಆಮ್ಯಾಲೆ ಬಂದು ಕುಂತದ್ದು. ಹಂಗಂತ ಮಣ್ಣಾಗ ಕ್ಯಾಲ್ಸಿಯಂ ಇಲ್ಲ ಅಂತಲ್ಲ, ಅದು ನೀರಿನ ಜೋಡಿನ ಬೇರಿನಿಂದ ಏರಬೇಕು, ನೀರು ಒಮ್ಮೆ ಭರ್ತಿ ಒಮ್ಮೆ ಖಾಲಿ ಆದ್ರ ತುದಿ ತನಕಾ ಹೋಗೂದಿಲ್ಲ.

ಪಾಟ್‌ನಾಗ ಎರಿ ಮಣ್ಣು ತುಂಬೀರೇನು? ಹಂಗಿದ್ರ ಒಂದು ನೋಡ್ರಿ. ಎರಿ ಒಣಗಿದ್ರ ಕುಗ್ಗಿ ಪಾಟ್‌ನ ಅಂಚು ಬಿಟ್ಟು ಸರೀತೈತಿ, ನೀವು ತಂಬಿಗಿ ನೀರ ಹಾಕಿದ್ರ ಆ ಸಂದಿನ್ಯಾಗ ಇಳದು ತಟ್ಟನ ತಳದ ತೂತಿಂದ ಹೊರಗ ಬರ್ತದ, ನೀವು ಸಾಕಾತು ಅಂತೀರಿ, ನಡುವಿನ ಬೇರು ಒಣಾನ ಇರ್ತಾವ. ಬೆರಳು ಇಳಿಸಿ ನೋಡ್ರಿ. ಸಂದಿ ಮುಚ್ಚಿ ಸಾವಕಾಶ ಎರಡು ಸಲಾ ಹಾಕ್ರಿ, ಮ್ಯಾಲೆ ಒಣ ಎಲಿ ಹೊದಸ್ರಿ, ಮುಂದಿನ ಸಲಾ ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೂಡಿಸ್ರಿ. ಯೂರಿಯಾ ಹಾಕಾಕತ್ತಿದ್ರ ಬಂದ್ ಮಾಡ್ರಿ, ಎಲಿ ಸೊಕ್ಕತಾವ, ಕಾಯಿಗೆ ಏನೂ ಉಳಿಯೂದಿಲ್ಲ. ತತ್ತಿ ಸಿಪ್ಪಿ ಹಾಕ್ರಿ ಅಂತ ಯಾರರ ಹೇಳ್ತಾರ, ಅದು ಕರಗೂದ್ರಾಗ ಈ ಸೀಜನ್ ಮುಗೀತದ.

ಕಡ್ಡಿ ಮೆಣಸಿನಕಾಯಿ, ಬ್ಯಾಡಗಿ:
ಗದಗಿನವ್ರು ಹೇಳಿದ್ದು ಖರೆ. ಫಂಗಸ್ ಬ್ಯಾರೇನ ಕಾಣತೈತಿ: ಹಣ್ಣಾಗೂ ಕಾಯಿ ಮ್ಯಾಲೆ ದುಂಡನ ತೆಗ್ಗು, ಒಳಗ ಉಂಗುರದ ಮ್ಯಾಲೆ ಉಂಗುರ, ಕರೆ ಚುಕ್ಕಿ, ಮಳಿ ಹಿಡದ್ರ ಗುಲಾಬಿ ಅಂಟು. ಹುಬ್ಬಿ ಮಳಿ ಹತ್ತಿ 27 ಡಿಗ್ರಿ ಸುತ್ತಮುತ್ತ ಬೆಚ್ಚಗ ಇದ್ರ ಜಿಗದ ಹಬ್ಬತೈತಿ, ಅಂಥಾ ಕಾಯಿ ಕಿತ್ತು ಒಗದಬಿಡ್ರಿ, ಬೀಜ ಮಾತ್ರ ಇಟ್ಕೋಬ್ಯಾಡ್ರಿ, ರೋಗ ಬೀಜದ ಜೋಡಿನೂ ಬರ್ತೈತಿ. ಬಿಸಲಿನ ಕಡೆ ಮೈ ಬೆಳ್ಳಗ ಹಾಳಿಯಂಗ ಆದ್ರ ಅದು ಬರೇ ಬಿಸಲ ಸುಟ್ಟದ್ದು. ಮತ್ತ ಬ್ಯಾಡಗಿ ಕಡ್ಡಿ ಜಾತಿ ಕಾಯಿ ಒಣಗಿದ ಮ್ಯಾಲೆ ಸುಕ್ಕಾದ್ರ ಗಾಬರಿ ಆಗಬ್ಯಾಡ್ರಿ, ಅದರ ಜಾತಿನ ಹಂಗ.

ಹುಬ್ಬಳ್ಳಿ ಹಿತ್ತಲ:
ಜಲಪೆನೊ ಗೆರಿಗೆ ತಲಿ ಕೆಡಿಸ್ಕೋಬ್ಯಾಡ್ರಿ, ಒಳಗಿನದು ಬೆಳದಷ್ಟು ಜಲ್ದಿ ಸಿಪ್ಪಿ ಬೆಳೆಯೂದಿಲ್ಲ, ಬಿರದು ಮತ್ತ ಕೂಡತೈತಿ. ತಿನ್ನಾಕ ಏನೂ ಅಡ್ಡಿಲ್ಲ.

ಮಾಳಗಿ ತ್ವಾಟ, ಧಾರವಾಡ:
ಹೌದ್ರಿ, ಅಂಚಿಗೆ ಬೆರಳು ಹೋಗೂವಷ್ಟು ಸಂದಿ ಐತಿ! ಕಲಿ ಬಿದ್ದ ಕಾಯಿ ಪಲ್ಯಾಕ್ಕ ಹಾಕಬಹುದೇನ್ರಿ?

ಎರಿಹೊಲ, ಗದಗ:
ಬೂಸ್ಟು ಇಲ್ಲದ್ದಿದ್ರ ತುದಿ ಕೊಯ್ದು ಉಳದದ್ದು ಹಾಕ್ರಿ. ಬೂಸ್ಟು ಒಳಗ ಇಳದಿದ್ರ ಬ್ಯಾಡ. ಈಗಾಗ್ಲೆ ಕೆಟ್ಟ ಕಾಯಿ ಸುಧಾರಿಸೂದಿಲ್ರಿ, ಹೊಸದಾಗಿ ಕಚ್ಚಿದ ಕಾಯಿ ತುದಿ ಹೆಂಗದಾವ ನೋಡಿ ಹೇಳ್ರಿ.