ಬೇರೆಯವರನ್ನು ಮುಟ್ಟಿದರೆ ನನ್ನ ಮೈಗೆ ತಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗುತ್ತಾ?

ಪ್ರಶ್ನೆ (ಡೊಂಬಿವಲಿಯಿಂದ)

ನಮಸ್ಕಾರ. ನಾನು ಕಾರ್ಕಳದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ, ಇಲ್ಲೇ ಸ್ಟೇಷನ್ ಹತ್ತಿರ ಒಂದು ಪಾರ್ಲರ್‌ನಲ್ಲಿ ಕೆಲಸ.

ಯಾರನ್ನಾದರೂ ಮುಟ್ಟುವುದು ಕಣ್ಣಿಗೆ ಬಿದ್ದರೆ ನನಗೂ ಅದೇ ಜಾಗದಲ್ಲಿ ಮುಟ್ಟಿದ ಹಾಗಾಗುತ್ತದೆ. ಅಯ್ಯೋ ಪಾಪ ಅನಿಸುವುದಲ್ಲ, ಚರ್ಮಕ್ಕೇ ತಾಗುತ್ತದೆ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಎದುರು ಸೀಟಿನ ಮಗುವಿನ ಎಡಗೆನ್ನೆಗೆ ಅಮ್ಮ ಪೌಡರ್ ಹಚ್ಚಿದರೆ ನನ್ನ ಬಲಗೆನ್ನೆ ಮೇಲೆ ಬೆರಳಾಡುತ್ತದೆ. ಚಿಕ್ಕಂದಿನಿಂದಲೂ ಹೀಗೇ.

ಕಷ್ಟ ಆಗುವುದು ಥ್ರೆಡಿಂಗ್‌ನಲ್ಲಿ. ಗಿರಾಕಿಯ ತಲೆ ಹಿಂದೆ ನಿಂತು, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು, ಬಗ್ಗಿ ಹುಬ್ಬನ್ನೇ ನೋಡುತ್ತಿರಬೇಕು. ಅವರು ಎರಡು ಬೆರಳಲ್ಲಿ ಚರ್ಮ ಬಿಗಿ ಹಿಡಿದಿರುತ್ತಾರಲ್ಲ, ಆ ಎಳೆತವೂ ನನಗೆ ಗೊತ್ತಾಗುತ್ತದೆ. ದಾರ ಸರ್ ಅಂತ ಓಡಿದಾಗಲೆಲ್ಲ ನನ್ನ ಹುಬ್ಬಿನಡಿ ಚುರುಕ್. ಹಿಂದೆ ನಿಂತಾಗ ಮಾತ್ರ ಬಲ ಎಡ ಅದಲುಬದಲಾಗುವುದಿಲ್ಲ, ಅವರ ಎಡ ಹುಬ್ಬಾದರೆ ನನ್ನದೂ ಎಡವೇ. ಅಪ್ಪರ್ ಲಿಪ್ ಅಂದರಂತೂ ನನ್ನ ಕಣ್ಣಲ್ಲೂ ನೀರು. ಗಣಪತಿ ಹಬ್ಬದ ಮುಂಚಿನ ರಶ್‌ನಲ್ಲಿ ಸಾಕೋ ಸಾಕು ಅನಿಸಿಬಿಡುತ್ತದೆ.

ಗಂಡ 'ಎಲ್ಲ ನಿನ್ನ ಕಲ್ಪನೆ' ಅನ್ನುತ್ತಾರೆ. ಅತ್ತೆ 'ಇವಳ ಮನಸ್ಸು ಮೆದು' ಅಂತ ಹೇಳಿ ಉಪ್ಪು ಮೆಣಸು ನಿವಾಳಿಸಿದ್ದೂ ಆಯಿತು. ಇದಕ್ಕೆ ಹೆಸರಿದೆಯಾ? ಡಾಕ್ಟರ್ ಹತ್ತಿರ ಹೋಗಬೇಕಾ?

ಉತ್ತರ (ಮಾಹಿಮ್)

ನನಗೂ ಆಗುತ್ತೆ! ಬೈಕ್‌ನಿಂದ ಯಾರೋ ಬಿದ್ದ ವಿಡಿಯೋ ನೋಡಿದರೆ ಕಾಲು ಜುಂ ಅನ್ನುತ್ತದೆ. ಎಲ್ಲರಿಗೂ ಇದ್ದದ್ದೇ ಬಿಡಿ, ತಲೆ ಕೆಡಿಸ್ಕೋಬೇಡಿ.

ಉತ್ತರ (ಪುಣೆ, ಕೊಥ್ರೂಡ್)

ಮಾಹಿಮ್‌ನವರೇ, ನಿಮ್ಮದು ಬೇರೆ. ಪೆಟ್ಟು ನೋಡಿ ಮೈ ಜುಂ ಅನ್ನುವುದು ತುಂಬಾ ಜನರಿಗೆ ಆಗುತ್ತದೆ. ಇವರಿಗೆ ಪೌಡರ್ ಹಚ್ಚಿದರೂ ತಾಗುತ್ತದೆ, ಅದೂ ಇಂಥದೇ ಜಾಗ ಅಂತ ಬೆರಳಿಟ್ಟು ತೋರಿಸುವಷ್ಟು.

ನಾನು ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುವವನು. ಇದಕ್ಕೆ ಮಿರರ್ ಟಚ್ ಸಿನೆಸ್ತೇಶಿಯಾ ಅನ್ನುತ್ತಾರೆ. 2005ರಲ್ಲಿ ಲಂಡನ್‌ನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಯವರು ಇಂಥ ಒಬ್ಬ ಹೆಂಗಸಿನ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಬೇರೆಯವರನ್ನು ಮುಟ್ಟುವುದನ್ನು ನೋಡುವಾಗ ಎಲ್ಲರ ಮಿದುಳಿನಲ್ಲೂ ಸ್ಪರ್ಶದ ಭಾಗ ಸ್ವಲ್ಪ ಕೆಲಸ ಮಾಡುತ್ತದೆ. ಆಕೆಯಲ್ಲಿ ಅದು ಜಾಸ್ತಿ ಇತ್ತು. 2009ರಲ್ಲಿ ಮೈಕೆಲ್ ಬ್ಯಾನಿಸಿ ತಂಡದವರು ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಶೇಕಡಾ 1.6ರಷ್ಟು ಜನರಲ್ಲಿ ಇದು ಕಂಡಿತು. ಡೊಂಬಿವಲಿ ಸ್ಟೇಷನ್‌ನಲ್ಲಿ ಬೆಳಿಗ್ಗೆ ನಿಂತರೆ ನಿಮ್ಮಂಥವರು ಎಷ್ಟೋ ಜನ ಹಾದು ಹೋಗುತ್ತಿರಬೇಕು!

ಎದುರಿಗಿದ್ದವರ ಎಡ ನಿಮಗೆ ಬಲ ಆಗುವುದು ಹೆಚ್ಚಿನವರಲ್ಲಿ ಕಾಣುವ ರೀತಿ. ಕೆಲವರಿಗೆ ಮಾತ್ರ ಎಡಕ್ಕೆ ಎಡವೇ. ಕಲ್ಪನೆ ಅನ್ನುವವರಿಗೆ ಒಂದು ಪರೀಕ್ಷೆಯೂ ಇದೆ. ನಿಮ್ಮ ಒಂದು ಕೆನ್ನೆಯನ್ನು ನಿಜವಾಗಿ ಮುಟ್ಟುತ್ತಾ, ಸ್ಕ್ರೀನ್ ಮೇಲೆ ಇನ್ನೊಬ್ಬರ ಮುಖ ಮುಟ್ಟುವುದನ್ನು ತೋರಿಸುತ್ತಾರೆ. ನಿಮ್ಮನ್ನು ಮುಟ್ಟಿದ್ದು ಯಾವ ಕಡೆ ಅಂತ ತಟ್ಟನೆ ಹೇಳಬೇಕು. ಎರಡೂ ಬೇರೆ ಬೇರೆ ಕಡೆ ಆದಾಗ ಇದು ಇರುವವರು ಉಳಿದವರಿಗಿಂತ ಹೆಚ್ಚು ತಪ್ಪುತ್ತಾರೆ.

ಅತ್ತೆಯವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಇಂಥವರಿಗೆ ಬೇರೆಯವರ ಭಾವನೆ ಬೇಗ ತಟ್ಟುತ್ತದೆ ಅಂತ 2007ರ ಒಂದು ಅಧ್ಯಯನ ಹೇಳಿತ್ತು, ಆಮೇಲೆ ಅದನ್ನು ಒಪ್ಪದವರೂ ಬಂದರು.

ಚಿಕ್ಕಂದಿನಿಂದ ಇದ್ದರೆ ಇದು ರೋಗವಲ್ಲ. ಅಮೆರಿಕದ ನರತಜ್ಞ ಜೋಯಲ್ ಸಲಿನಾಸ್ ಅವರಿಗೇ ಇದೆ, ದಿನಾ ರೋಗಿಗಳನ್ನು ನೋಡಿಕೊಂಡೇ ಬಂದಿದ್ದಾರೆ. ಈಚೆಗೆ ಶುರುವಾಗಿದ್ದರೆ, ಅಥವಾ ಮರಗಟ್ಟುವುದು ಏನಾದರೂ ಇದ್ದರೆ ತೋರಿಸಲೇಬೇಕು. ಅಂದಹಾಗೆ, ಗೊಂಬೆಯನ್ನು ಮುಟ್ಟಿದರೂ ನಿಮಗೆ ತಾಗುತ್ತದಾ?

ಉತ್ತರ (ವಾಸ್ಕೋ, ಗೋವಾ)

ನನ್ನದು ಸ್ವಲ್ಪ ಬೇರೆ ಕಥೆ. ಆಕ್ಸಿಡೆಂಟ್‌ನಲ್ಲಿ ಬಲಗಾಲು ಮೊಣಕಾಲ ಕೆಳಗೆ ಹೋಯಿತು. ಹೆಂಡತಿ ಮೊಮ್ಮಗನ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವಳು ಪುಟ್ಟ ಬೆರಳುಗಳ ಸಂದಿಗೆ ಎಣ್ಣೆ ಹಾಕಿದರೆ ಇಲ್ಲದ ನನ್ನ ಬೆರಳಿಗೆ ಕಚಗುಳಿ. ಎಡಗಾಲಿಗೆ ಏನೂ ಇಲ್ಲ. ಯಾಕೆ ಹೀಗೆ ಅಂತ ಪುಣೆಯವರು ಹೇಳಬಹುದಾ?

ಉತ್ತರ (ಪುಣೆ, ಕೊಥ್ರೂಡ್)

ನಮ್ಮ ಮಿದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದನ್ನೇ ಬರೆದಿದ್ದಾರೆ. ನೋಡಿದಾಗ ಮಿದುಳು ಮಿಡಿದರೂ, ನಮ್ಮ ಚರ್ಮ 'ಇಲ್ಲಿ ಯಾರೂ ಮುಟ್ಟಿಲ್ಲ' ಅಂತ ಸುದ್ದಿ ಕಳಿಸುತ್ತಾ ಇರುತ್ತದೆ, ಅದಕ್ಕೇ ನಮಗೆ ಏನೂ ತಾಗುವುದಿಲ್ಲ ಅನ್ನುವುದು ಅವರ ವಾದ. ನಿಮ್ಮ ಬಲಗಾಲಿನಿಂದ ಆ ಸುದ್ದಿ ಬರುವುದೇ ಇಲ್ಲವಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗಂಡನಿಗೆ ಓದಿ ಹೇಳಿದೆ, ಆ ಕೆನ್ನೆಯ ಪರೀಕ್ಷೆ ಮಾಡೋಣ ಅಂತ ಕೂತಿದ್ದಾರೆ.

ಗೊಂಬೆ ವಿಷಯ: ಕ್ಲಾಸಿನಲ್ಲಿ ಡಮ್ಮಿ ತಲೆ ಕೊಟ್ಟಿದ್ದರು, ಅದರ ಕೂದಲು ಎಷ್ಟು ಎಳೆದರೂ ನನಗೆ ಏನೂ ಆಗುತ್ತಿರಲಿಲ್ಲ. ಇಲ್ಲಿ ಓನರ್ ಹತ್ತಿರ ಮಾತಾಡಿ ಅಪ್ಪರ್ ಲಿಪ್ ಇನ್ನೊಬ್ಬ ಹುಡುಗಿಗೆ ಬಿಟ್ಟಿದ್ದೇನೆ, ಅವಳ ಪೆಡಿಕ್ಯೂರ್ ನನಗೆ. ಪಾದ ಉಜ್ಜುವುದು ತಾಗಿದರೂ ಹಿತವಾಗೇ ಇರುತ್ತದೆ.

ವಾಸ್ಕೋದವರೇ, ಆ ಕಾಲು ನೋವು ಬಂದಾಗ ಮೊಮ್ಮಗನ ಕಾಲು ಒತ್ತಿಸಿ ನೋಡಿದ್ದೀರಾ? ಕಡಿಮೆ ಆಗುತ್ತದಾ?